ನಾಲ್ಕನೆಯವನ ಕೈ

ಯಳಂದೂರಿನ ಗೋವಿಂದಮ್ಮನಿಗೆ ಸೋಮವಾರ ಮೈಸೂರಿನಲ್ಲಿ ಹೃದಯದ ಆಪರೇಷನ್ ನಿಗದಿಯಾಗಿತ್ತು. ಹೋಗುತ್ತೇನೆ ಎಂದು ಬಾಯಲ್ಲಿ ಹೇಳುತ್ತಿದ್ದರೂ ಒಳಗೊಳಗೇ ಅವರಿಗೆ ಪುಕುಪುಕು. ಹೊರಡುವ ಮೊದಲು ಅಕ್ಕತಂಗಿಯರು ಮೂವರೂ ಒಟ್ಟಿಗಿರುವ ಒಂದು ಫೋಟೋ ಬೇಕೇ ಬೇಕು ಎಂದು ಹಟ ಹಿಡಿದರು. ಅದೂ ಫೋನಿನದಲ್ಲ.

‘ಫೋನ್‌ನಾಗಿರೋದ ಮೊಮ್ಮಕ್ಳು ಅಳಿಸಾಕ್ಬುಡ್ತವೆ ಕಣ್ಲಾ ನಟರಾಜು. ನಮ್ಮವ್ವನ್ದು ನಿಮ್ಮ ಮಾವ ತೆಗ್ದಿದ್ನಲ್ಲ, ರೀಲಿನ್ದು, ಅಂಗೆ ತೆಗಿ. ನೆಗೆಟಿವ್ವೂ ನನ್ ಕೈಗೇ ಕೊಡ್ಬೇಕು.’

ನಟರಾಜುವಿನ ಸ್ಟುಡಿಯೊ ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹಿಂದೆ ಇದೆ. ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್, ಹುಟ್ಟುಹಬ್ಬದ ಫ್ಲೆಕ್ಸು, ಇವೇ ದಿನದ ಕೆಲಸ. ತೀರಿಹೋದ ಸೋದರಮಾವ ಗುರುಮಲ್ಲಪ್ಪನ ರಷ್ಯಾ ಕ್ಯಾಮೆರಾ ಅವನ ಕೈಗೆ ಬಂದಿದ್ದು ಈಚೆಗೆ. ಹೇಳಿಕೊಡುವವರು ಯಾರೂ ಇರಲಿಲ್ಲ. ರೀಲು ಕೆಡಿಸಿ ಕೆಡಿಸಿಯೇ ಕಲಿಯುತ್ತಿದ್ದ.

ಆ ಕ್ಯಾಮೆರಾದ್ದು ವಿಚಿತ್ರ ಸಂಸಾರ. ಕಣ್ಣಿಟ್ಟು ನೋಡುವ ಅದರ ಸ್ವಂತ ಕಿಂಡಿಗೆ ಅಂಚಿನಲ್ಲೆಲ್ಲ ಬೂಷ್ಟು ಹಿಡಿದು, ನಡುವೆ ಮಾತ್ರ ತಿಳಿಯಾಗಿತ್ತು. ಆ ನಡುಭಾಗದಲ್ಲಿ ಎದುರಿಗಿರುವ ಒಬ್ಬರು ಇಬ್ಬರಾಗಿ ಕಾಣುತ್ತಾರೆ. ಲೆನ್ಸ್ ತಿರುಗಿಸುತ್ತ ಆ ಇಬ್ಬರನ್ನೂ ಒಬ್ಬರ ಮೇಲೊಬ್ಬರು ಕೂರುವಂತೆ ಮಾಡಿದರೆ ಫೋಕಸ್ ಸಿಕ್ಕಿತು ಅಂತ ಲೆಕ್ಕ. ಆದರೆ ಫೋಟೋದೊಳಗೆ ಯಾರ್ಯಾರು ಬರುತ್ತಾರೆ, ಎಲ್ಲಿಯವರೆಗೆ ಬರುತ್ತದೆ ಎನ್ನುವುದು ಬೂಷ್ಟಿನಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಮಾವ ಕ್ಯಾಮೆರಾದ ತಲೆಯ ಮೇಲೆ ಇನ್ನೊಂದು ವ್ಯೂಫೈಂಡರ್ ಸಿಕ್ಕಿಸುತ್ತಿದ್ದ. ಅದಕ್ಕೆ ಐದು ಪುಟ್ಟ ಕಣ್ಣುಗಳಿರುವ ಒಂದು ಗಾಲಿ. ಗಾಲಿ ತಿರುಗಿಸಿದಂತೆ ಒಂದೊಂದು ಕಣ್ಣು ಮುಂದೆ ಬರುತ್ತದೆ. ಮೊದಲು ಕೆಳಗಿನ ಕಿಂಡಿಯಲ್ಲಿ ಇಣುಕಬೇಕು, ಆಮೇಲೆ ಮೇಲಿನದರಲ್ಲಿ. ಅಷ್ಟು ನಟರಾಜುವಿಗೆ ಗೊತ್ತಿತ್ತು.

ಬುಧವಾರ ಕೊಳ್ಳೇಗಾಲದಲ್ಲಿ ಹಿರಿಯಕ್ಕ ಪುಟ್ಟಬಸಮ್ಮನ ಮನೆ ಅಂಗಳದಲ್ಲಿ ಎಲ್ಲರೂ ಸೇರಿದರು. ಕೊನೆಯ ತಂಗಿ ಮಹದೇವಿ ಹನೂರಿನಿಂದ ಗಂಡ ದೊರೆಸ್ವಾಮಿಯ ಬೈಕಿನಲ್ಲಿ ಬಂದಿಳಿದರು. ಮೂರು ಕುರ್ಚಿ ಹಾಕಿದ್ದೂ ಆಯಿತು. ಅಷ್ಟರಲ್ಲಿ ಪುಟ್ಟಬಸಮ್ಮ ತಕರಾರು ತೆಗೆದರು.

‘ಮೂರೇ ಜನ ಕುಂತು ಫೋಟೋ ತೆಗೆಸ್ಬಾರ್ದು. ನಡೂಕಿರೋರ್ಗೆ ಆಗಾಕಿಲ್ಲ.’

ನಡುವೆ ಕೂತಿದ್ದವರು ಗೋವಿಂದಮ್ಮ. ಅವರ ಮುಖ ಸಣ್ಣಗಾಯಿತು.

‘ಅದ್ಕೇನೀಗ, ದೊರೆ ನಿಂತ್ಕತನೆ,’ ಅಂದರು ಮಹದೇವಿ. ‘ಬಾ ಇಲ್ಲಿ, ನಾಕ್ನೇಯವ್ನಾಗು.’

ದೊರೆಸ್ವಾಮಿ ಕುಂತೂರು ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಆಳು. ಈ ಅಕ್ಕತಂಗಿಯರಿಗೆ ಸೋದರತ್ತೆಯ ಮಗನೂ ಹೌದು. ಹಾಗಾಗಿ ಮೂವರಿಗೂ ಅವನ ಮೇಲೆ ಸಲಿಗೆ ಜಾಸ್ತಿ. ‘ನಿಮ್ ಮೂವರ ಪಕ್ಕ ನಿಂತ್ರೆ ನಾ ಮುದುಕ ಕಾಣಲ್ವಾ?’ ಎನ್ನುತ್ತಲೇ ಬಂದು, ಹೆಂಡತಿಯ ಕುರ್ಚಿಯ ಮೇಲೆ ಕೈಯಿಟ್ಟು ಅಂಚಿಗೆ ನಿಂತ.

‘ಈ ಕಡೀಕೆ ನನ್ ತುಳ್ಸಿಕಟ್ಟೇನೂ ಬರ್ಲಿ ಕಣ್ಲಾ,’ ಅಂದರು ಪುಟ್ಟಬಸಮ್ಮ.

ನಟರಾಜು ಕೆಳಗಿನ ಕಿಂಡಿಯಲ್ಲಿ ಇಬ್ಬರು ಗೋವಿಂದಮ್ಮಂದಿರನ್ನು ಒಬ್ಬರನ್ನಾಗಿ ಮಾಡಿದ. ಮೇಲಿನದರಲ್ಲಿ ನೋಡಿದ. ಒಂದು ಕಡೆ ತುಳಸಿಕಟ್ಟೆ, ಇನ್ನೊಂದು ಕಡೆ ಹಲ್ಲು ಕಿಸಿದ ದೊರೆಸ್ವಾಮಿ. ಎಲ್ಲ ಸಲೀಸಾಗಿ ಹಿಡಿಸಿತ್ತು. ಕ್ಲಿಕ್ ಮಾಡಿದ. ರೀಲಿನಲ್ಲಿ ಉಳಿದಿದ್ದ ಫ್ರೇಮೂ ಅದೊಂದೇ.

ಶುಕ್ರವಾರ ರೀಲು ತೊಳೆದು ಪ್ರಿಂಟ್ ಹಾಕಿದಾಗ ಹೆಂಡತಿ ಕೋಮಲ ಪಕ್ಕದಲ್ಲೇ ಇದ್ದಳು.

‘ರೀ, ದೊರೆಸ್ವಾಮಣ್ಣ ಎಲ್ಲಿ?’

ತುಳಸಿಕಟ್ಟೆ ಅರ್ಧ ಹೋಗಿತ್ತು. ದೊರೆಸ್ವಾಮಿ ಪೂರಾ ಹೋಗಿದ್ದ. ಮಹದೇವಿಯ ಕುರ್ಚಿಯ ಮೇಲೆ ಒಂದು ಕೈ ಮಾತ್ರ ಉಳಿದಿತ್ತು, ಮಣಿಕಟ್ಟಿನ ಮಾದಪ್ಪನ ದಾರದ ಸಮೇತ. ಫೋಟೋದಲ್ಲಿ ಮೂರೇ ಜನ. ನಡುವೆ ಗೋವಿಂದಮ್ಮ.

‘ಇದ್ದ ಕಣೆ. ಈ ಕಣ್ಣಲ್ಲಿ ನೋಡಿದ್ದೀನಿ.’

‘ಯಾವ ಕಣ್ಣಲ್ಲಿ? ನಿಮ್ ಕ್ಯಾಮೆರಾದಾಗೆ ಒಂದು ಕಿಂಡೀಲಿ ಒಬ್ರು ಇಬ್ರಾಗ್ತಾರೆ, ಇನ್ನೊಂದ್ರಲ್ಲಿ ನಾಕು ಜನ ಕಾಣ್ತಾರೆ, ಫಿಲ್ಮಲ್ಲಿ ಮೂವರು ಬರ್ತಾರೆ. ಯಾವ್ದು ನಿಜ ಅನ್ಕೊಳ್ಳೋದು?’

ನಟರಾಜುವಿಗೂ ಅದೇ ಬಗೆಹರಿಯಲಿಲ್ಲ. ಮೂವರ ಫೋಟೋ ಅಪಶಕುನ ಎಂಬಂಥದ್ದನ್ನೆಲ್ಲ ಅವನು ನಂಬುವವನಲ್ಲ. ಆದರೂ ಕಂಡ ಮನುಷ್ಯ ಕಾಣೆಯಾದರೆ ಏನಂತ ತಿಳಿಯುವುದು? ಕೋಮಲಳನ್ನು ಹಿತ್ತಲಿನ ಗೋಡೆಯ ಪಕ್ಕ ದೊರೆಸ್ವಾಮಿಯ ಹಾಗೆ ಅಂಚಿಗೆ ನಿಲ್ಲಿಸಿದ. ಕ್ಯಾಮೆರಾದ ಬೆನ್ನು ಕಳಚಿ, ಫಿಲ್ಮ್ ಕೂರುವ ಜಾಗಕ್ಕೆ ಬಟರ್ ಪೇಪರ್ ಅಂಟಿಸಿ, ಷಟರ್ ತೆರೆದು ಹಿಡಿದ. ಮೇಲೆ ಟವೆಲ್ ಹೊದ್ದುಕೊಂಡು ನೋಡಿದರೆ ಪೇಪರಿನ ಮೇಲೆ ಹಿತ್ತಲು ತಲೆಕೆಳಗಾಗಿ ಬಿದ್ದಿತ್ತು. ಕೋಮಲ ಇರಲಿಲ್ಲ. ಮೇಲಿನ ವ್ಯೂಫೈಂಡರಿನಲ್ಲಿ ಇದ್ದಳು. ಮತ್ತೆ ಪೇಪರ್, ಇಲ್ಲ. ಮತ್ತೆ ಮೇಲೆ, ಇದ್ದಾಳೆ.

‘ನಾ ಇದ್ದೀನೋ ಇಲ್ವೋ ಬೇಗ ಹೇಳಿ, ಒಲೆ ಮೇಲೆ ಹಾಲಿಟ್ಟಿದ್ದೀನಿ.’

ಆಗ ಅವನ ಹೆಬ್ಬೆರಳು ಗಾಲಿಗೆ ತಗುಲಿ ಟಕ್ ಎಂದಿತು. ಮೇಲಿನ ಕಿಂಡಿಯಲ್ಲೂ ಕೋಮಲ ಮಾಯವಾದಳು. ಗಾಲಿಯ ಮೇಲಿನ ಅಂಕಿ ನೋಡಿದ, ಐವತ್ತು. ಲೆನ್ಸಿನ ಮೇಲೆಯೂ ಐವತ್ತು. ಇಷ್ಟು ದಿನ ಗಾಲಿ ಮೂವತ್ತೈದರಲ್ಲಿ ನಿಂತಿತ್ತು. ಅದು ಇನ್ನೂ ಅಗಲಕ್ಕೆ ನೋಡುವ ಬೇರೊಂದು ಲೆನ್ಸಿನ ಕಣ್ಣು. ಈ ಲೆನ್ಸಿಗೆ ಎಟುಕದ ಜಾಗವನ್ನೂ ಅದು ತೋರಿಸುತ್ತಿತ್ತು.

ಕಾರಣ ಸಿಕ್ಕಿತು. ಆದರೆ ಮುಂದೇನು ಎನ್ನುವುದು ಸಿಗಲಿಲ್ಲ. ಮತ್ತೆ ತೆಗೆಯೋಣವೆಂದರೆ ಮಹದೇವಿ ಹನೂರಿನಲ್ಲಿ ಜ್ವರ ಬಂದು ಮಲಗಿದ್ದರು. ದೊರೆಸ್ವಾಮಿಗೆ ಫೋನ್ ಮಾಡಿದ.

‘ಕಂಪ್ಯೂಟರ್‌ನಾಗೆ ನನ್ನ ಅಂಟಿಸ್ಬುಡು ಮಾರಾಯ. ಒಸಿ ಬಣ್ಣಾನೂ ಬರ್ಸು.’

‘ನೆಗೆಟಿವ್ ಕೇಳವ್ರಲ್ಲಣ್ಣ. ಅದ್ರಾಗೆ ಎಲ್ಲಿಂದ ತರ್ಲಿ ನಿನ್ನ?’

ಭಾನುವಾರ ಬೆಳಿಗ್ಗೆ ಅವನೂ ದೊರೆಸ್ವಾಮಿಯೂ ಕ್ಯಾಮೆರಾ ಸಮೇತ ಯಳಂದೂರಿಗೆ ಹೋದರು. ದಾರಿಯುದ್ದಕ್ಕೂ, ಫೋಟೋ ಕೆಟ್ಟೋಯ್ತು ಅನ್ನೋಣವಾ, ಇನ್ನೂ ಒಣಗಿಲ್ಲ ಅನ್ನೋಣವಾ ಎಂದು ನಟರಾಜು ಯೋಚಿಸುತ್ತಲೇ ಇದ್ದ. ಗೋವಿಂದಮ್ಮ ಜಗುಲಿಯಲ್ಲಿ ಕೈ ಚಾಚಿಕೊಂಡೇ ಕೂತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಕವರು ಅವರ ಕೈ ಸೇರಿತ್ತು.

ಅವರು ಬೆರಳಿಟ್ಟು ನೋಡಿದರು. ‘ಅಕ್ಕ. ನಾನು. ಮಾದೇವಿ.’ ಬೆರಳು ಅಲ್ಲೇ ನಿಂತಿತು. ಫೋಟೋವನ್ನು ಮಗುಚಿ ಪಕ್ಕಕ್ಕಿಟ್ಟರು.

‘ನಾಳೀಕೆ ನಾ ಒಲ್ಲೆ ಕಣಪ್ಪ. ಮುಂದ್ಲ ತಿಂಗ್ಳು ನೋಡನ.’

‘ನಾ ನಿಂತಿದ್ನಲ್ಲ ಅತ್ಗೆ,’ ಅಂದ ದೊರೆಸ್ವಾಮಿ. ‘ನೋಡಿ, ಕೈ ಅದೆ.’

‘ಕೈ ತಕಂಡು ಏನ್ಮಾಡ್ಲಿ? ಕೈಯ್ಯ ಒಂದು ಆಳು ಅಂತ ಲೆಕ್ಕ ಇಡಕಾದದಾ?’

ನಟರಾಜು ಮೂವತ್ತೈದು, ಐವತ್ತು, ಗಾಲಿ, ಲೆನ್ಸು ಎಂದೆಲ್ಲ ವಿವರಿಸತೊಡಗಿದ. ಹೇಳುತ್ತ ಹೇಳುತ್ತ ಯಾವುದು ಅಗಲ, ಯಾವುದು ಕಿರಿದು ಎಂದು ಅವನಿಗೇ ಅದಲುಬದಲಾಯಿತು.

‘ನಂಗೇನೂ ತಿಳೀನಿಲ್ಲ,’ ಅಂದರು ಗೋವಿಂದಮ್ಮ.

‘ನಂಗೂ ಆಟೇ ಕಣವ್ವ. ನೀವೇ ನೋಡ್ಬುಡಿ.’

ದೊರೆಸ್ವಾಮಿಯನ್ನು ಅಂಗಳದಲ್ಲಿ ಅಂಚಿಗೆ ನಿಲ್ಲಿಸಿ, ಗಾಲಿಯನ್ನು ಮತ್ತೆ ಮೂವತ್ತೈದಕ್ಕೆ ತಂದು, ಕ್ಯಾಮೆರಾವನ್ನು ಗೋವಿಂದಮ್ಮನ ಮುಖಕ್ಕೆ ಹಿಡಿದ. ಅವರು ಮೊದಲು ಎರಡೂ ಕಣ್ಣು ಮುಚ್ಚಿದರು. ಆಮೇಲೆ ಎರಡೂ ತೆರೆದರು. ಕೊನೆಗೊಮ್ಮೆ ಒಂದು ಕಣ್ಣು ಮೇಲಿನ ಕಿಂಡಿಗೆ ಕೂತಿತು.

‘ಅವ್ನೆ, ಅಂಚಿಗೆ ನಿಂತವ್ನೆ. ದಪ್ಪ ಆಗವ್ನೆ.’

ನಟರಾಜು ಗಾಲಿ ತಿರುಗಿಸಿದ. ಟಕ್.

‘ಎಲ್ಲೋದ?’

‘ಎಲ್ಲೂ ಓಗಿಲ್ಲ ಅತ್ಗೆ, ಇಲ್ಲೇ ಇವ್ನಿ.’

ಗೋವಿಂದಮ್ಮ ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದರು. ದೊರೆಸ್ವಾಮಿ ನಿಂತಿದ್ದ. ಮತ್ತೆ ಕಿಂಡಿಯಲ್ಲಿ ನೋಡಿದರು. ಇರಲಿಲ್ಲ. ಈಗ ಗಾಲಿಯನ್ನು ತಾವೇ ಹಿಡಿದುಕೊಂಡರು. ಟಕ್, ಬಂದ. ಟಕ್, ಹೋದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ದೊರೆಸ್ವಾಮಿ ಅಲುಗಾಡದೆ ನಿಂತೇ ಇದ್ದ. ಅವರು ಬಹಳ ಹೊತ್ತು ತಿರುಗಿಸುತ್ತಲೇ ಇದ್ದರು.

‘ಅವತ್ತೂ ಇಂಗೇ ನಿಂತಿದ್ದೇನ್ಲಾ?’

‘ಇಂಗೇ. ಕಾಲ್ ನೋಯ್ತಾ ಇತ್ತು, ಅದ್ನೂ ಏಳ್ತೀನಿ.’

ಅವರು ಫೋಟೋ ತಿರುಗಿಸಿ ಮಡಿಲಲ್ಲಿಟ್ಟುಕೊಂಡು ಆ ಕೈಯನ್ನೇ ನೋಡಿದರು. ಒಪ್ಪಿದರೋ, ಇಲ್ಲವೋ? ನಟರಾಜುವಿಗೆ ಗೊತ್ತಾಗಲಿಲ್ಲ. ಅವರಿಗೇ ಗೊತ್ತಾದಂತೆ ಕಾಣಲಿಲ್ಲ.

‘ನಾಳೆ ನೀನೂ ಬಾ ದೊರೆ,’ ಅಂದರು. ‘ನನ್ನ ಒಳೀಕೆ ಕರ್ಕಂಡೋದ ಮ್ಯಾಕೆ ಬಾಗ್ಲು ಪಕ್ಕ ನಿಂತ್ಕ. ನಂಗೆ ಕಾಣದಿದ್ರೂ ಸರಿ, ನೀನು ಇರ್ಬೇಕು.’

‘ಟ್ರ್ಯಾಕ್ಟರ್ ಯಾರ ಕೈಗಾರ ಕೊಟ್ಟು ಬತ್ತೀನಿ ಬುಡಿ.’

‘ಕುರ್ಚಿ ಕೊಟ್ರೂ ಕುಂತ್ಕಬ್ಯಾಡ. ನಿಂತೇ ಇರು.’

ದೊರೆಸ್ವಾಮಿ ತಲೆಯಾಡಿಸಿದ. ಅಂಗಳದಿಂದ ಕದಲಬಹುದೇ ಬೇಡವೇ ಎಂದು ತಿಳಿಯದೆ, ಅವನು ಇನ್ನೂ ಅಲ್ಲೇ ನಿಂತಿದ್ದ.