ಒಂದೇ ಸಲ ತೊಳೆದ ಒಳಲೆ

ನಾನು ಒಂದು ಬೆಳ್ಳಿಯ ಒಳಲೆ. ಕೂಸಿಗೆ ಹಾಲು ಕುಡಿಸುವ, ಮೂತಿ ಚೂಪಾದ ಪುಟ್ಟ ಬಟ್ಟಲು. ಮೈಸೂರಿನ ಅಕ್ಕಸಾಲಿಯೊಬ್ಬ ಬಡಿದೂ ಬಡಿದೂ ನನ್ನನ್ನು ಹುಟ್ಟಿಸಿದ. ಮೊದಲು ಮೇದಿನಿ ಎಂಬ ಹೆಣ್ಣುಕೂಸಿಗೆ ಹಾಲು ಕುಡಿಸಿದೆ. ಆಮೇಲೆ ಇಪ್ಪತ್ತೆಂಟು ವರ್ಷ ಬೀರುವಿನಲ್ಲಿ ನಿದ್ದೆ. ಎದ್ದು ನೋಡಿದರೆ ಮೇದಿನಿಯೇ ತಾಯಿ! ನನ್ನ ಹಿಗ್ಗು ಅಷ್ಟಿಷ್ಟಲ್ಲ.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಮೇದಿನಿ ನನ್ನನ್ನು ತೊಳೆಯುತ್ತಿದ್ದಳು, ಕುದಿಸುತ್ತಿದ್ದಳು, ಮತ್ತೆ ತೊಳೆಯುತ್ತಿದ್ದಳು. ಎಲ್ಲೋ ಚೂರು ಕೊಳೆ ಉಳಿದು ಮಗು ಸತ್ತೇಹೋಗುತ್ತದೆ ಎಂಬ ಯೋಚನೆ ಅವಳನ್ನು ಬಿಡುತ್ತಿರಲಿಲ್ಲ. ನನ್ನನ್ನು ಬೇರೆಯವರ ಕೈಗೂ ಕೊಡಳು. ಪಾಪ, ಮಗಳು ಧಾತ್ರಿ ಅತ್ತೂ ಅತ್ತೂ ಹಸಿದೇ ಮಲಗುತ್ತಿತ್ತು. ಮಗುವಿನ ತೂಕ ಇಳಿಯಿತು. ಈ ತೊಳೆಯುವ ಗೀಳೇ ಒಂದು ಕಾಯಿಲೆ ಎಂದು ಹೇಳಿ ಡಾಕ್ಟರು ಮೇದಿನಿಗೆ ಚಿಕಿತ್ಸೆ ಶುರುಮಾಡಿದರು. ಮಗುವನ್ನು ನೋಡಿಕೊಳ್ಳಲು ದೇವೀರಮ್ಮ ಬಂದಳು.

ದೇವೀರಮ್ಮ ಗಟ್ಟಿಗಿತ್ತಿ, ಆದರೆ ಕರುಳು ಬೆಣ್ಣೆ. "ಕ್ಲೀನಾಗಿದೆಯಾ?" ಎಂದು ಮೇದಿನಿ ಕೇಳಿದಾಗಲೆಲ್ಲ, "ಫಳಫಳ ಅಂತದೆ ಕಣವ್ವ, ನಮ್ಮವ್ವನಾಣೆ" ಎನ್ನುತ್ತಿದ್ದಳು. ಒಂದು ಗಳಿಗೆ ಸಮಾಧಾನ, ಮರುಗಳಿಗೆ ಅದೇ ಪ್ರಶ್ನೆ. ದಿನಕ್ಕೆ ನೂರು ಸಲ ಆಣೆ ಹಾಕಿದಳೋ ಏನೋ, ಪುಣ್ಯಾತ್ಗಿತ್ತಿ!

ಇದು ತಿಳಿದು ಡಾಕ್ಟರು ದೇವೀರಮ್ಮನಿಗೆ, "ನೀವು ಹೂಂ ಅನ್ನೋದೇ ಈ ಕಾಯಿಲೆಗೆ ಊಟ. ಇನ್ಮೇಲೆ ಗೊತ್ತಿಲ್ಲ ಅನ್ನಿ" ಎಂದರು. "ನಾನು ಎಷ್ಟು ಬೇಡಿಕೊಂಡ್ರೂ ಹೇಳಬೇಡಿ" ಎಂದು ಮೇದಿನಿಯೂ ಒಪ್ಪಿದಳು. ದೇವೀರಮ್ಮನಿಗೆ ಪೇಚಿಗಿಟ್ಟುಕೊಂಡಿತು. ಅಳುವ ಹುಡುಗಿಗೆ ಒಂದು ಒಳ್ಳೆ ಮಾತು ಹೇಳದೆ ಇರುವುದು ಹೇಗಪ್ಪಾ?

ಒಂದು ಬೆಳಗ್ಗೆ ನಾನು ದೇವೀರಮ್ಮನ ಕೈಜಾರಿ ಠಣ್ಣೆಂದು ನೆಲಕ್ಕೆ ಬಿದ್ದೆ. ನನ್ನ ಮೂತಿ ನೆಗ್ಗಿತು. ಮೇದಿನಿಯ ಮುಖ ಬಿಳಿಚಿಕೊಂಡಿತು. ನನ್ನನ್ನೆತ್ತಿ ಒಂದು ಸಲ ತೊಳೆದಳು, ಮತ್ತೆ ತೊಳೆಯಲು ನಲ್ಲಿ ತಿರುಗಿಸಿದಳು. ತೊಟ್ಟಿಲಲ್ಲಿ ಧಾತ್ರಿ ಕಿರುಚುತ್ತಿತ್ತು.

"ಸಾಕಾ ದೇವೀರಮ್ಮ? ಹೇಳಿ, ಇವತ್ತೊಂದಿನ ಹೇಳಿ!"

ಆಣೆ ಬಾಯ ತುದಿಗೆ ಬಂದಿತ್ತು. ದೇವೀರಮ್ಮ ಅದನ್ನು ನುಂಗಿಕೊಂಡಳು. "ನಂಗೊತ್ತಿಲ್ಲ ಕಣವ್ವ. ಕೂಸು ಹಸ್ಕಂಡದೆ, ಅದೊಂದ್ ಗೊತ್ತು."

ಮೇದಿನಿ ನಲ್ಲಿ ನಿಲ್ಲಿಸಿದಳು. ಎರಡನೇ ಸಲ ತೊಳೆಯದೆಯೇ ಹಾಲು ತುಂಬಿ ಕುಡಿಸಿದಳು. ಧಾತ್ರಿ ಗುಟುಕುಗುಟುಕಾಗಿ ಕುಡಿದು ಗಟ್ಟಿಯಾಗಿ ತೇಗಿತು. ಆಹಾ, ಅಂಥ ತೇಗು ನಾನು ಕೇಳೇ ಇರಲಿಲ್ಲ! ಮೇದಿನಿ ನಗುತ್ತಲೇ ಅತ್ತಳು. "ಒಂದ್ ತೊಟ್ಟೂ ಬಿಡ್ನಿಲ್ಲ ಕಣವ್ವೋ!" ಎಂದು ದೇವೀರಮ್ಮ ಮೂಗೊರೆಸಿಕೊಂಡಳು.

ಕಾಯಿಲೆ ಒಂದೇ ದಿನಕ್ಕೆ ಓಡಿಹೋಗಲಿಲ್ಲ. ಮರುದಿನ ಎಂಟು ಸಲ ತೊಳೆದಳು, ಇನ್ನೊಂದು ದಿನ ನಾಲ್ಕು. ದೇವೀರಮ್ಮ ಮಾತ್ರ 'ಗೊತ್ತಿಲ್ಲ' ಬಿಡಲಿಲ್ಲ. ವರ್ಷ ತುಂಬುವ ಹೊತ್ತಿಗೆ ಧಾತ್ರಿ ಗುಂಡುಗುಂಡಾಗಿತ್ತು.

ಈಗ ನನಗೆ ವಯಸ್ಸಾಗಿದೆ. ನೆಗ್ಗಿದ ಮೂತಿಯನ್ನು ಸರಿಮಾಡಿಸಲು ಮೇದಿನಿ ಒಪ್ಪಲೇ ಇಲ್ಲ. ಈ ಸೊಟ್ಟ ಮೂತಿ ನನಗೂ ಹೆಮ್ಮೆಯೇ. ಮೊನ್ನೆ ದೇವೀರಮ್ಮನಿಗೆ ಮೊಮ್ಮಗ ಹುಟ್ಟಿದನೆಂದು ಮೇದಿನಿ ನನ್ನನ್ನು ಅವರ ಮನೆಗೇ ಕೊಡಲು ಹೋದಳು. ಅಳುವ ಕೂಸನ್ನು ತಾನೇ ತೊಡೆಯ ಮೇಲೆ ಮಲಗಿಸಿಕೊಂಡಳು.

"ಒಳಲೆ ಕಿಲೀನಾಗದಾ ಮೇದ್ನವ್ವಾ?" ದೇವೀರಮ್ಮ ಬೇಕೆಂದೇ ಕೆಣಕಿದಳು.

"ನಂಗೊತ್ತಿಲ್ಲ ಕಣವ್ವ" ಎಂದ ಮೇದಿನಿ, ನನ್ನನ್ನು ಸೆರಗಿನಲ್ಲಿ ಒರೆಸಿ ಹಾಲು ತುಂಬಿದಳು.