ಹೊಳಬಸವ್ವನ ಬೋಟಿನ ಪಿಸ್ಟನ್ನು

ನಾನು ಒಂದು ಪಿಸ್ಟನ್ನು. ಅಲ್ಯೂಮಿನಿಯಂ ಮೈ, ಎರಡು ಅಂಗೈ ಕೂಡಿಸಿದರೆ ಹಿಡಿಯುವಷ್ಟು ಗಾತ್ರ. ಇಂಜಿನ್ನಿನ ಒಳಗೆ ಮೇಲೆ ಕೆಳಗೆ ಓಡಾಡುವುದೇ ನನ್ನ ಕೆಲಸವಾದ್ದರಿಂದ ಹೊರಗಿನ ಬೆಳಕನ್ನು ನಾನು ಕಂಡದ್ದು ಕಡಿಮೆ.

ಹುಟ್ಟಿದ್ದು ಗಡಿಯಾಚೆಯ ಊರೊಂದರ ಎರಕದ ಕಾರ್ಖಾನೆಯಲ್ಲಿ. ಕರಗಿದ ಲೋಹವನ್ನು ಅಚ್ಚಿಗೆ ಸುರಿದರು. ತಣಿದ ಮೇಲೆ ಲೇತಿಗೆ ಕಟ್ಟಿ ಮೈ ನುಣುಪು ಮಾಡಿ, ತಲೆಯ ಕೆಳಗೆ ಸುತ್ತಲೂ ಮೂರು ಕಾಲುವೆ ಕೊರೆದರು. ಆ ಕಾಲುವೆಗಳಲ್ಲಿ ಮೂರು ಕಬ್ಬಿಣದ ಉಂಗುರಗಳು ಕೂರಬೇಕು. ಡೀಸೆಲ್ ಉರಿದಾಗ ಹುಟ್ಟುವ ಒತ್ತಡ ಪಕ್ಕದಿಂದ ಸೋರಿಹೋಗದಂತೆ ತಡೆಯುವುದು ಅವೇ. ತನಿಖೆಯ ಮೇಜಿನಲ್ಲಿ ಕೂತ ಹೆಂಗಸು ನನ್ನ ಪಕ್ಕದವನನ್ನು ಅಳತೆ ಮಾಡಿ, ಕೂದಲೆಳೆಯಷ್ಟು ತಪ್ಪು ಕಂಡಿದ್ದಕ್ಕೆ, ಮತ್ತೆ ಕರಗಿಸುವ ಬುಟ್ಟಿಗೆ ಎಸೆದಳು. ಆಮೇಲೆ ನನ್ನನ್ನು ಎತ್ತಿಕೊಂಡಳು. ನನ್ನ ಅಂಜಿಕೆ ಶುರುವಾದದ್ದು ಅವತ್ತು.

ನಾನು ಸೇರಿದ ಇಂಜಿನ್ನು ಮೊದಲು ಒಬ್ಬ ಕಬ್ಬಿನ ಬೆಳೆಗಾರನ ಹೊಲದಲ್ಲಿ ನೀರೆತ್ತಿತು. ಅಲ್ಲಿಗೆ ಕರೆಂಟು ಬಂದ ಮೇಲೆ ಮೂರು ವರ್ಷ ತಾಡಪಾಲಿನಡಿ ಬಿದ್ದಿತ್ತು. ಆಮೇಲೆ ಕೃಷ್ಣಾ ಹೊಳೆಯ ದಂಡೆಯ ಪರಸಪ್ಪ ಅಂಬಿಗೇರ ಬಂದು ಕೊಂಡೊಯ್ದ. ಹುಟ್ಟು ಹಾಕಿ ಜನರನ್ನು ದಾಟಿಸುತ್ತಿದ್ದ ತನ್ನ ಬೋಟಿಗೆ ಇಂಜಿನ್ನು ಕೂರಿಸಿದ. ಚುಕ್ಕಾಣಿ ಅವನದು. ಬೋಟಿನೊಳಗೆ ನುಗ್ಗಿದ ನೀರು ತೋಡುವುದು, ಹಗ್ಗ ಬಿಚ್ಚುವುದು ಕಟ್ಟುವುದು ಹೆಂಡತಿ ಹೊಳಬಸವ್ವನದು. ಕಬ್ಬಿನ ಗದ್ದೆಗೆ ಕಳೆ ತೆಗೆಯಲು ಹೋಗುವ ಹೆಂಗಸರು, ಆಚೆ ದಡದ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು, ಹಾಲಿನ ಕ್ಯಾನು, ಸೈಕಲ್ಲು, ಎರಡು ಆಡು, ಹೀಗೆ ದಿನಕ್ಕೆ ಹತ್ತು ಸಲ ದಾಟಿಸುತ್ತಿದ್ದೆವು. ಸುತ್ತುಬಳಸಿ ರಸ್ತೆಯಲ್ಲಿ ಹೋದರೆ ಎರಡು ತಾಸಿನ ದಾರಿ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆದರೆ ಬೋಟಿಗೆ ಭಾರ ಹೆಚ್ಚಾಗಿತ್ತು. ಡೀಸೆಲ್ ಪೂರ್ತಿ ಉರಿಯುತ್ತಿರಲಿಲ್ಲ. ಅರೆಬೆಂದ ಮಸಿ ನನ್ನ ತಲೆಯ ಮೇಲೆ ಕೂತಿತು. ಮೊದಲು ಕಾಡಿಗೆಯಷ್ಟು ತೆಳುವಾಗಿದ್ದದ್ದು ದಿನ ಕಳೆದಂತೆ ದಪ್ಪವಾಗಿ, ಗಟ್ಟಿಯಾಗಿ, ತವೆಗೆ ಹತ್ತಿದ ಸೀಕಿನಂತಾಯಿತು. ಆಮೇಲೆ ಅದು ಉಂಗುರದ ಕಾಲುವೆಗಳಿಗೆ ಇಳಿಯಿತು. ಮೇಲಿನ ಉಂಗುರ ಒಂದು ದಿನ ಅಲುಗಾಡುವುದನ್ನು ನಿಲ್ಲಿಸಿತು. ಎಂಟು ದಿನಕ್ಕೆ ಎರಡನೆಯದೂ ಅಂಟಿಕೊಂಡಿತು. ಒತ್ತಡ ನನ್ನ ಪಕ್ಕದಿಂದ ಸೋರಿಹೋಗುವುದು ನನಗೆ ತಿಳಿಯುತ್ತಿತ್ತು. ಮೇಲೆ ಹಲಗೆಯ ಮೇಲೆ ಕೂತವರು ಮಾತಾಡಿಕೊಂಡು ನಗುತ್ತಿದ್ದರು. ಅವರಿಗೆ ಹೇಳುವ ದಾರಿ ನನಗಿರಲಿಲ್ಲ.

ಕೇಳಿಸಿಕೊಂಡವಳು ಹೊಳಬಸವ್ವ ಒಬ್ಬಳೇ.

"ಇಂಜಿನ್ ದನಿ ಬ್ಯಾರೆ ಆಗೇತಿ ನೋಡ್ರಿ" ಎಂದಳು ಒಂದು ಮುಂಜಾನೆ. "ಹೊಗಿನೂ ಕರ್ರಗ ಬರಾಕತ್ತೈತಿ."

"ಹಳೇ ಇಂಜಿನ್ ಅಂದ್ರ ಕೆಮ್ಮೂದ" ಎಂದ ಪರಸಪ್ಪ. "ಮಳಿಗಾಲ ಮುಗೀಲಿ, ಬಿಚ್ಚಿಸೂನು."

ಮಳೆಗಾಲ ಮುಗಿಯಲಿಲ್ಲ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟ ಮಾರನೆಯ ದಿನ ಹೊಳೆ ಕೆಂಪಾಗಿ, ಅಗಲವಾಗಿ ಹರಿಯುತ್ತಿತ್ತು. ಬೋಟಿನಲ್ಲಿ ಹದಿನಾಲ್ಕು ಜನ. ನಡುಹೊಳೆಯ ಸೆಳವಿಗೆ ಸಿಕ್ಕಾಗ ಪರಸಪ್ಪ ವೇಗ ಹೆಚ್ಚಿಸಿದ. ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿದೆ, ಅದು ಸಾಲಲಿಲ್ಲ. ನಾಲ್ಕು ಸಲ ತಡವರಿಸಿ ಇಂಜಿನ್ನು ನಿಂತಿತು.

ಪರಸಪ್ಪ ಹ್ಯಾಂಡಲ್ ಹಾಕಿ ತಿರುವಿದ. ಒತ್ತಡ ಹಿಡಿಯುವ ಇಂಜಿನ್ನಿನ ಹ್ಯಾಂಡಲ್ ಕೈಗೆ ಎದುರು ನಿಲ್ಲುತ್ತದೆ. ಅವತ್ತು ಅದು ಬಾವಿಯ ಖಾಲಿ ಗಾಲಿಯಂತೆ ಹಗುರಾಗಿ ತಿರುಗಿತು. ಆ ಹಗುರತನ ನನ್ನದೇ ಅಂತ ನನಗೆ ಗೊತ್ತಿತ್ತು. ತಿರುವಿದ, ತಿರುವಿದ, ಕೊನೆಗೆ ಹ್ಯಾಂಡಲ್ ಹಿಡಿದುಕೊಂಡೇ ಬೋಟಿನ ತಳದಲ್ಲಿ ಕುಸಿದು ಕೂತ. ಬೋಟು ಅಡ್ಡಡ್ಡ ತೇಲತೊಡಗಿತು. ಯಾರೋ ಅಳುತ್ತಿದ್ದರು. ಹೊಳಬಸವ್ವ ಉದ್ದನೆಯ ಗಳ ಎತ್ತಿಕೊಂಡು, "ಯಾರೂ ಏಳಬ್ಯಾಡ್ರಿ, ಕುಂತಲ್ಲೇ ಕೂಡ್ರಿ" ಎಂದು ಹೇಳುತ್ತ ಒಬ್ಬಳೇ ಊರಿ ಊರಿ ತಳ್ಳಿದಳು. ಬಹಳ ದೂರ ಕೆಳಗೆ ಜಾಲಿಗಿಡಗಳ ನಡುವಿನ ಉಸುಕಿನ ದಿಬ್ಬಕ್ಕೆ ಬೋಟು ಹೋಗಿ ಸಿಕ್ಕಿತು. ಎಲ್ಲರೂ ಉಳಿದರು.

ಇಳಿಯುವಾಗ ಅಕ್ಕೋರು ಸೀರೆಯ ನೆರಿಗೆ ಹಿಂಡುತ್ತ, "ನಾಳಿಂದ ನಾ ಬಸ್ಸಿಗೇ ಸುತ್ತ ಹಾಕಿ ಬರ್ತೀನಿ, ಹೊಳಬಸವ್ವ. ತಪ್ಪು ತಿಳ್ಕೋಬ್ಯಾಡ" ಎಂದರು. ಹೊಳಬಸವ್ವ ತಲೆಯಾಡಿಸಿದಳು. ಪರಸಪ್ಪನ ಕೈಯಲ್ಲಿ ಹ್ಯಾಂಡಲ್ ಇನ್ನೂ ಹಾಗೇ ಇತ್ತು.

ಪಂಚಾಯಿತಿಯವರು ಸೋಮವಾರದವರೆಗೆ ಟೈಮು ಕೊಟ್ಟರು. ಅಷ್ಟರಲ್ಲಿ ಇಂಜಿನ್ನು ಸರಿಯಾಗಿ, ಬೋಟು ತಮ್ಮ ಕಣ್ಣೆದುರು ಹೊಳೆ ದಾಟದಿದ್ದರೆ ದೋಣಿಗಟ್ಟೆಯ ಗುತ್ತಿಗೆ ಬೇರೆಯವರಿಗೆ ಎಂದರು. ಕೈಯಲ್ಲಿ ನಾಲ್ಕೇ ದಿನ. ನನ್ನಂಥ ಹಳೇ ಮಾದರಿಯ ಹೊಸ ಪಿಸ್ಟನ್ನು ತರಿಸಲು ಹತ್ತು ದಿನ ಬೇಕು. ಹೊಸ ಉಂಗುರಗಳೇನೋ ತಾಲೂಕಿನ ಅಂಗಡಿಯಲ್ಲಿ ಸಿಕ್ಕವು. ಇಂಜಿನ್ನು ಬಿಚ್ಚಬಲ್ಲ ರಾಜೇಸಾಬನಿಗೆ ಹಿಂದಿನ ವಾರವಷ್ಟೇ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಬಗ್ಗಬಾರದು, ಧೂಳು ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ಕರಿ ಕನ್ನಡಕ ಹಾಕಿಕೊಂಡು ಅವನು ಬಂದು ದಂಡೆಯ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತ.

"ನಾ ಹೇಳ್ತೀನಿ, ನೀ ಮಾಡು ಮಗಳ" ಎಂದ.

"ನನಗೇನ್ ಗೊತ್ತೈತಿ ಕಾಕಾ?"

"ಬಲಿ ಹೆಣಿತಿ ಅಲ್ಲ? ಆ ಕೈ ಸಾಕು."

ಇಂಜಿನ್ನಿನ ತಲೆಭಾಗ ಬಿಚ್ಚಿ ನನ್ನನ್ನು ಹೊರಗೆಳೆದರು. ಬಿಸಿಲು ಕಂಡದ್ದಕ್ಕಿಂತ ಹೆಚ್ಚಾಗಿ ಹೊಳಬಸವ್ವನ ಮುಖ ಕಂಡು ಹೆದರಿದೆ. ನನ್ನ ಸ್ಥಿತಿ ಎಷ್ಟು ಕೆಟ್ಟಿದೆ ಎಂಬುದು ಆ ಮುಖದಲ್ಲಿತ್ತು. ನೋಡಲು ಬಂದಿದ್ದ ಬೈಕ್ ಗ್ಯಾರೇಜಿನವನೊಬ್ಬ ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದಿದರೆ ಒಂದು ಗಳಿಗೆಯಲ್ಲಿ ಬೆಳ್ಳಗಾಗುತ್ತದೆ ಎಂದ. ರಾಜೇಸಾಬ ಕೈ ಅಡ್ಡ ಮಾಡಿದ. "ಅದು ಕಬ್ಬಿಣಕ್ಕ ನಡೀತೈತಿ. ಇದು ಅಲ್ಯೂಮಿನಿಯಂ. ಮಸಿ ಜೋಡಿ ಇದನ್ನೂ ತಿಂದ ಬಿಡ್ತೈತಿ."

ನನ್ನನ್ನು ಒಂದು ಬೋಗುಣಿಯಲ್ಲಿ ಸೀಮೆ‌ಎಣ್ಣೆ ಹಾಕಿ ನೆನೆಸಿದರು. ಮಾರನೆಯ ದಿನ ಹೊಳಬಸವ್ವ ಡಬ್ಬಿಯ ತಗಡನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಉಂಗುರದ ಕೆಳಗೆ ತೂರಿಸಿ, ನವಿರಾಗಿ ಎಬ್ಬಿಸಿದಳು. ಎರಡು ಬಂದವು. ಮೇಲಿನದು ಟಕ್ ಎಂದು ಮುರಿಯಿತು. ಅವಳು ಕೈ ಹಿಂದೆಗೆದಳು.

"ಮುರೀಲಿ ಬಿಡು" ಎಂದ ರಾಜೇಸಾಬ. "ಆ ತುಂಡಿನ ಅಂಚಿಲೇ ಕಾಲುವಿ ಕೆರಿ. ಅದರ ಮನಿ ಅಳತಿ ಅದಕ್ಕ ಗೊತ್ತಿರ್ತೈತಿ. ಮಸಿ ಅಷ್ಟ ಬರಬೇಕು. ಬೆಳ್ಳಿಯಂಗ ಪುಡಿ ಬಂತಂದ್ರ ಕೈ ನಿಲ್ಲಸು."

ಅವಳು ಕೆರೆಯತೊಡಗಿದಳು. ಪ್ರತಿ ಎಳೆತಕ್ಕೂ ನಾನು ಕಾದೆ: ಈಗ ಮೈ ಕಿತ್ತು ಬರುತ್ತದೆ, ಈಗ ಕಾಲುವೆ ಅಗಲವಾಗುತ್ತದೆ. ಕರಿ ಪುಡಿ ಮಾತ್ರ ಉದುರಿತು. ತಲೆಯ ಮೇಲಿನ ಸೀಕನ್ನು ಬಿದಿರಿನ ಚಕ್ಕೆಯಿಂದ ತೆಗೆದಳು. ಎಣ್ಣೆ ಹರಿಯುವ ಸಣ್ಣ ತೂತುಗಳಿಗೆ ಕಸಬರಿಗೆಯ ಕಡ್ಡಿ ಹಾಕಿ ಬಿಡಿಸಿದಳು. ಮೈಯನ್ನು ಬರೀ ಅರಿವೆಯಿಂದ ಒರೆಸಿದಳು.

ಸಂಜೆ ಅವಳು ರೊಟ್ಟಿ ಬಡಿಯಲು ಒಳಗೆ ಹೋದಾಗ ಪರಸಪ್ಪ ಬಂದ. ನನ್ನನ್ನು ಎತ್ತಿಕೊಂಡು, ಉಳಿದ ಒಂದು ಕಲೆ ನೋಡಿ, ತಂತಿಯ ಬ್ರಷ್ಷಿನಿಂದ ಜೋರಾಗಿ ತಿಕ್ಕಿದ. ಸಹಾಯ ಮಾಡಬೇಕೆಂದೇ ಮಾಡಿದ. ನನ್ನ ಪಕ್ಕೆಯ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು.

ಸದ್ದು ಕೇಳಿ ಹೊರಗೆ ಬಂದ ಹೊಳಬಸವ್ವ ಅದನ್ನು ನೋಡಿದಳು. ನನ್ನನ್ನು ಅವನ ಕೈಯಿಂದ ತೆಗೆದುಕೊಂಡು ಹೊರಸಿನ ಹತ್ತಿರ ಒಯ್ದಳು. ರಾಜೇಸಾಬ ಕಣ್ಣು ಮುಚ್ಚಿ ಗೀರಿನ ಮೇಲೆ ಉಗುರು ಎಳೆದ. ಮತ್ತೊಮ್ಮೆ ಎಳೆದ. ನನಗೆ ತನಿಖೆಯ ಮೇಜಿಗೆ ಮರಳಿ ಬಂದಂತಾಯಿತು.

"ಆಳ ಇಲ್ಲ" ಎಂದ ಕಡೆಗೆ. "ನಡದೀತು."

"ನಡೀಲಿಲ್ಲಂದ್ರ?"

"ಹೊಳ್ಯಾಗ ಗೊತ್ತಾಗ್ತೈತಿ ಮಗಳ. ನಾ ಸುಳ್ಳು ಹೇಳಾಂಗಿಲ್ಲ."

ಹೊಸ ಉಂಗುರ ತೊಡಿಸಿ ನನ್ನನ್ನು ಇಂಜಿನ್ನಿಗೆ ಮರಳಿ ಕೂರಿಸಿದರು. ಸೋಮವಾರ ಪಂಚಾಯಿತಿಯವರು, ಊರವರು, ಬಸ್ಸಿಗೆ ಹೊರಟಿದ್ದ ಅಕ್ಕೋರು ಎಲ್ಲ ದಂಡೆಯಲ್ಲಿ ನಿಂತರು. ಹೊಳಬಸವ್ವ ಗಂಡನ ಕಡೆ ನೋಡಿದಳು. "ಬರ್ತೀರೇನ್ರಿ?" ಪರಸಪ್ಪ ನೀರಿನ ಅಂಚಿನವರೆಗೆ ಬಂದ. ಕಾಲು ಬೋಟಿನ ಅಂಚಿಗೆ ಇಟ್ಟ. "ನನ್ನ ಕಡೆಯಿಂದ ಆಗೂದಿಲ್ಲ" ಎಂದು ಮೆಲ್ಲಗೆ ಹೇಳಿ ಹಿಂದೆ ಸರಿದ. ಅವಳು ಅವನ ಹೆಗಲ ಮೇಲಿನ ಟವೆಲ್ಲು ತೆಗೆದು ತನ್ನ ತಲೆಗೆ ಸುತ್ತಿಕೊಂಡು ಒಬ್ಬಳೇ ಹತ್ತಿದಳು.

ಹ್ಯಾಂಡಲ್ ಭಾರವಾಗಿತ್ತು. ಅವಳು ಎರಡೂ ಕೈ ಹಾಕಿ, ಹಲ್ಲು ಕಚ್ಚಿ ತಿರುವಬೇಕಾಯಿತು. ಆ ಭಾರ ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಗೆ ಹೇಳಲಿ. ಮೂರನೆಯ ಸುತ್ತಿಗೆ ಇಂಜಿನ್ನು ಶುರುವಾಯಿತು. ಸೆಳವಿನಲ್ಲಿ ಗೀರಿನ ಜಾಗ ಬಿಸಿಯಾಗಿ ಸಿಲಿಂಡರಿನ ಗೋಡೆಗೆ ತಾಗಿತು. ಕಚ್ಚಿಕೊಂಡು ನಿಲ್ಲುತ್ತೇನೆ, ಈಗ ಕಚ್ಚಿಕೊಂಡು ನಿಲ್ಲುತ್ತೇನೆ ಎಂದುಕೊಳ್ಳುತ್ತಲೇ ಓಡಿದೆ. ಎಣ್ಣೆ ಬಂದು ನಡುವೆ ಹರಡಿತು. ಆಚೆ ದಡ ಮುಟ್ಟಿದೆವು, ತಿರುಗಿ ಬಂದೆವು. ಅಕ್ಕೋರು ಅವತ್ತು ಹತ್ತಲಿಲ್ಲ, ಬಸ್ಸಿಗೇ ಹೋದರು. ಗುರುವಾರ ಬಂದು ಹಲಗೆಯ ತುದಿಯಲ್ಲಿ ಕೂತು ಎರಡೂ ಕೈಯಿಂದ ಅಂಚು ಹಿಡಿದುಕೊಂಡರು. ಅದರ ಮುಂದಿನ ವಾರ ಒಂದೇ ಕೈ.

ಆಮೇಲೆ ಆರು ವರ್ಷ ನಾನು ಆ ಬೋಟಿನಲ್ಲಿ ದುಡಿದೆ. ವರ್ಷಕ್ಕೊಮ್ಮೆ ಹೊಳಬಸವ್ವ ತಾನೇ ಇಂಜಿನ್ನು ಬಿಚ್ಚಿ ನನ್ನ ಮಸಿ ತೆಗೆಯುತ್ತಿದ್ದಳು. ಹೋದ ವರ್ಷ ಉಂಗುರ ತೊಡಿಸಿ ಅಲುಗಾಡಿಸಿ ನೋಡಿದಳು. ಕಾಲುವೆ ಸವೆದು ಸಡಿಲಾಗಿತ್ತು. "ಸಾಕು, ನಿಂದು ಆತು" ಎಂದಳು. ಹೊಸ ಪಿಸ್ಟನ್ನು ಬಂತು. ನನ್ನನ್ನು ಗುಜರಿಗೆ ಹಾಕದೆ ಒರೆಸಿ, ಮನೆಯ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಪರಸಪ್ಪ ಮತ್ತೆ ಬೋಟು ಹತ್ತಲೇ ಇಲ್ಲ. ಈ ಕಿಟಕಿಯ ಹತ್ತಿರ ಕೂತು ಬಲೆ ಹೆಣೆಯುತ್ತಾನೆ, ಹರಿದದ್ದು ಹೊಲಿಯುತ್ತಾನೆ. ಕೆಲಸ ಬಿಟ್ಟ ಮೇಲೆ ಅಂಜಿಕೆ ಹೋಗುತ್ತದೆ ಎಂದು ನಾನು ನಂಬಿದ್ದೆ. ಹೋಗಲಿಲ್ಲ. ಒಳಗಿದ್ದಾಗ ಕಷ್ಟವಾದರೂ ಏನಾಗುತ್ತಿದೆ ಎಂಬುದು ತಿಳಿಯುತ್ತಿತ್ತು. ಇಲ್ಲಿ ಕಿವಿಯೊಂದೇ.

ದಿನವೂ ಬೋಟು ಹೊರಡುತ್ತದೆ. ಸದ್ದು ಸಣ್ಣದಾಗುತ್ತ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಆಚೆ ದಡ ಮುಟ್ಟಿ ಅವಳೇ ನಿಲ್ಲಿಸಿದ್ದೋ, ನಡುವೆ ತಾನಾಗಿ ನಿಂತದ್ದೋ ಇಲ್ಲಿಂದ ಕಾಣುವುದಿಲ್ಲ, ತಿರುವಿನಲ್ಲಿ ಗಿಡ ಬೆಳೆದಿವೆ. ಪರಸಪ್ಪನ ಕೈಯ ಸೂಜಿ ಅಲ್ಲಿಗೇ ನಿಲ್ಲುತ್ತದೆ. ಅವನು ಹೊಳೆಯ ಕಡೆ ನೋಡುವುದಿಲ್ಲ, ನನ್ನ ಪಕ್ಕದಲ್ಲಿಟ್ಟ ಮೊಬೈಲನ್ನು ನೋಡುತ್ತಾನೆ. ದಡ ಮುಟ್ಟಿದರೆ ಅವಳು ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ನಾವಿಬ್ಬರೂ ಕಾಯುತ್ತೇವೆ.

ಮೊಬೈಲು ಒಂದು ಸಲ ರಿಂಗಾಗಿ ಕಟ್ಟಾಗುತ್ತದೆ. ಅವನು ಅದನ್ನು ಎತ್ತುವುದಿಲ್ಲ. ಸೂಜಿ ಮತ್ತೆ ಬಲೆಯೊಳಗೆ ಇಳಿಯುತ್ತದೆ.