ಎರಡನೇ ಕಾರ್ಡು

ಇಲವಾಲದ ಬಸ್ಸಿನಿಂದ ಮೈಸೂರಿನ ಸಿಟಿ ಸ್ಟ್ಯಾಂಡಿನಲ್ಲಿ ಇಳಿದ ಗಗನ ಚಾಮರಾಜಪುರಂಗೆ ನಡೆದೇ ಹೊರಟಳು. ಇನ್ನೊಂದು ಬಸ್ಸು ಹತ್ತಿದ್ದರೂ ಕಾಸು ಕೊಡಬೇಕಿರಲಿಲ್ಲ, ಹೆಂಗಸರಿಗೆ ಪುಕ್ಕಟೆ. ಆದರೆ ಅತ್ತೆಯ ಎದುರು ನಿಂತು ಏನು ಹೇಳಬೇಕೆಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ. ನಡೆದರೆ ಯೋಚಿಸಲು ಅಷ್ಟು ಹೊತ್ತಾದರೂ ಸಿಗುತ್ತಿತ್ತು.

ಅತ್ತೆ ಪುಟ್ಟಲಿಂಗಮ್ಮ ಮನೆ ಬಿಟ್ಟು ಹನ್ನೊಂದು ದಿನವಾಗಿತ್ತು. ಜಗಳ ಆಡಿ ಹೋದವಳಲ್ಲ. ಆಡಿದ್ದರೆ ಕರೆತರುವುದು ಸುಲಭವಿತ್ತು.

ಊರಲ್ಲಿ ಅವರದು ಒಂದೂಕಾಲು ಎಕರೆ ಸೊಪ್ಪಿನ ಹೊಲ. ದಂಟು, ಮೆಂತ್ಯ, ಕೊತ್ತಂಬರಿ. ಅತ್ತೆ ಸೊಸೆ ಇಬ್ಬರೂ ಕಿತ್ತು ಕಟ್ಟು ಕಟ್ಟಿಕೊಟ್ಟರೆ ಗಗನಳ ಗಂಡ ಸಿದ್ದೇಶ್ ಬೆಳಕು ಹರಿಯುವ ಮುಂಚೆ ಮೊಪೆಡ್ಡಿನಲ್ಲಿ ಹೇರಿಕೊಂಡು ಮೈಸೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಬಂದ ದುಡ್ಡು ಅವನ ಜೇಬಿನಲ್ಲಿ. ಅವನು ಕುಡುಕನಲ್ಲ, ಕೆಟ್ಟವನೂ ಅಲ್ಲ, ಕೇಳಿದರೆ ಕೊಡುತ್ತಿದ್ದ. ಆದರೆ ಕೇಳಬೇಕಾಗಿತ್ತು. ಪುಟ್ಟಲಿಂಗಮ್ಮ ಗಂಡ ಇರುವಷ್ಟು ದಿನ ಗಂಡನ ಕೈ ನೋಡಿದಳು, ಅವನು ಹೋದ ಮೇಲೆ ಮಗನ ಕೈ. ‘ಸಿದ್ದಾ, ಎಲಡ್ಕೆ ಮುಗ್ದೋಯ್ತು ಕಣಪ್ಪ’ ಎಂದು ಬಾಗಿಲ ಹತ್ತಿರ ನಿಂತು ಹೇಳುವಾಗ ಅವಳ ದನಿ ಅರ್ಧಕ್ಕೆ ಇಳಿದಿರುತ್ತಿತ್ತು.

ಆಮೇಲೆ ಗೃಹಲಕ್ಷ್ಮಿ ಹಣ ಬಂತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವಳ ಖಾತೆಗೆ ತಿಂಗಳಿಗೆ ಎರಡು ಸಾವಿರ. ಕಾರ್ಡಿನಲ್ಲಿ ಇದ್ದದ್ದು ಪುಟ್ಟಲಿಂಗಮ್ಮನ ಹೆಸರು. ಮೊದಲ ತಿಂಗಳ ದುಡ್ಡು ಬಿಡಿಸಿಕೊಂಡ ದಿನ ಅವಳು ಬ್ಯಾಂಕಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೇ ಇದ್ದಳು. ‘ಏಳಿ ಅತ್ತೆ, ಬಿಸಿಲು’ ಎಂದರೆ ‘ಇರವ್ವ, ಒಂದ್ ಗಳಿಗೆ’ ಅಂದಳು. ಮೊಮ್ಮಗಳು ತನುಶ್ರೀಗೆ ಸ್ಕೂಲು ಶೂ, ತನಗೊಂದು ಜೊತೆ ಚಪ್ಪಲಿ, ಒಂದು ಕನ್ನಡಕ. ಎರಡು ಮೂರು ತಿಂಗಳಲ್ಲಿ ಅವಳ ನಡಿಗೆಯೇ ಬೇರೆಯಾಯಿತು. ಈಗ ಬಾಗಿಲ ಹತ್ತಿರ ಬಂದು ನಿಲ್ಲುವವನು ಸಿದ್ದೇಶ್. ‘ಅವ್ವಾ, ಗೊಬ್ಬರಕ್ಕೆ ಸ್ವಲ್ಪ ಸಾಲ್ದಾಗದೆ.’ ಅವಳು ಸೆರಗಿನ ಗಂಟನ್ನು ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಬಿಚ್ಚಿ ಕೊಡುತ್ತಿದ್ದಳು.

ನೋಡಿ ಗಗನಳಿಗೆ ನಗು ಬರುತ್ತಿತ್ತು. ಒಳಗೆಲ್ಲೋ ಚುಚ್ಚುತ್ತಲೂ ಇತ್ತು. ನಂಜನಗೂಡಿನಲ್ಲಿ ಅವಳ ತಾಯಿ ಲಕ್ವ ಹೊಡೆದು ಮಲಗಿದಲ್ಲೇ ಇದ್ದಳು. ನೋಡಲು ಹೋಗುವಾಗ ನಾಲ್ಕು ಮೂಸಂಬಿ ತೆಗೆದುಕೊಂಡು ಹೋಗಬೇಕೆಂದರೂ ಮೊದಲು ಗಂಡನನ್ನು ಕೇಳುತ್ತಿದ್ದಳು, ಈಗ ಅತ್ತೆಯನ್ನೂ ಕೇಳಬೇಕಾಯಿತು. ಅತ್ತೆ ಇಲ್ಲ ಎನ್ನುತ್ತಿರಲಿಲ್ಲ. ‘ಹೋದ್ ತಿಂಗ್ಳೂ ಹೋಗಿದ್ಯಲ್ಲವ್ವ’ ಎನ್ನುತ್ತಿದ್ದಳು, ಅಷ್ಟೆ.

ಕಾರ್ಡು ಬೇರೆ ಮಾಡಿಸುವ ಮಾತು ತಂದವನು ಸಿದ್ದೇಶ್.

“ಹೊಸ ಕಾರ್ಡಿಗೆ ಅರ್ಜಿ ತಗೋತಾವ್ರಂತೆ ಕಣೆ. ನಾವ್ ಮೂರ್ ಜನ ಬೇರೆ ಮಾಡಿಸ್ಬುಟ್ರೆ ನಿಂಗೂ ಎರಡು ಸಾವ್ರ ಬತ್ತದೆ. ಅವ್ವನ್ದೂ ನಿಲ್ಲಲ್ಲ.”

“ಅತ್ತೆಗೆ ಹೇಳ್ಬೇಡ್ವೇನ್ರೀ?”

“ಹೇಳಿದ್ರೆ ಮನೆ ಒಡೀತಾವ್ರೆ ಅಂತ ಅಳ್ತಾ ಕೂತ್ಕತಾಳೆ. ಅಕ್ಕಿಗೆ ಅಂದ್ರೆ ಸಾಕು, ಹೆಬ್ಬೆಟ್ಟು ಒತ್ತಾಳೆ.”

ಗಗನ ಆಗ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಪುಟ್ಟಲಿಂಗಮ್ಮ ಮಗನ ಜೊತೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು.

ಬೇರೆ ಒಲೆ ಇದ್ದರೆ ಮಾತ್ರ ಬೇರೆ ಕಾರ್ಡು, ನೋಡಲು ಬರುತ್ತಾರೆ ಎಂದು ಯಾರೋ ಹೆದರಿಸಿದರು. ಸಿದ್ದೇಶ್ ಕೊಟ್ಟಿಗೆಗೆ ತಗುಲಿದ್ದ ಮಾಡಿನ ಕೆಳಗೆ ಮೂರು ಇಟ್ಟಿಗೆಯ ಒಲೆ ಹೂಡಿ, ನಾಲ್ಕು ಪಾತ್ರೆ ಜೋಡಿಸಿ, “ಅವ್ವಾ, ಒಂದ್ ನಾಕ್ ದಿನ ಇಲ್ಲಿ ಬೇಯಿಸ್ಕೊ, ಆಫೀಸ್ನೋರು ಬಂದ್ರೆ ಬೇರೆ ಇದೀನಿ ಅಂತ ಹೇಳ್ಬುಡು” ಅಂದ. ಅದೂ ಅಕ್ಕಿಗೇ ಇರಬೇಕೆಂದುಕೊಂಡು ಅವಳು ಯಾಕೆ ಎಂದು ಕೇಳಲಿಲ್ಲ. ಒಬ್ಬ ಆಫೀಸಿನವನು ಬಂದ, ಒಲೆಯಲ್ಲಿ ಬೂದಿ ಇರುವುದನ್ನು ನೋಡಿದ, ಹೋದ.

ಕೆಲವು ವಾರದ ಮೇಲೆ ಎರಡು ಕಾರ್ಡೂ ಮನೆಗೆ ಬಂದವು. ತನುಶ್ರೀ ಅಕ್ಷರ ಕೂಡಿಸಿ ಓದುವ ಹುಮ್ಮಸ್ಸಿನಲ್ಲಿ ಅಜ್ಜಿಯದನ್ನು ಎತ್ತಿಕೊಂಡಳು.

“ಅಜ್ಜಿ, ಇದ್ರಲ್ಲಿ ನಿನ್ ಹೆಸ್ರೊಂದೇ ಐತೆ.”

“ನೆಟ್ಗೆ ನೋಡು ಮಗಾ. ನಿಮ್ಮಪ್ಪಂದು?”

“ಇಲ್ಲ. ನಂದೂ ಇಲ್ಲ. ನಾವೆಲ್ಲ ಆ ಇನ್ನೊಂದ್ರಲ್ಲಿ ಇದೀವಿ.”

ಪುಟ್ಟಲಿಂಗಮ್ಮ ಕಾರ್ಡನ್ನು ಈಸಿಕೊಂಡು ಓದಲು ಬಾರದ ಕಣ್ಣಿನಿಂದ ನೋಡಿದಳು. ಆಮೇಲೆ ಸಿದ್ದೇಶನ ಕಡೆ ನೋಡಿದಳು. ಅವನು ಮೊಪೆಡ್ಡಿನ ಚೈನಿಗೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತಲಿಲ್ಲ.

ಆ ದಿನದಿಂದ ಅವಳು ಮಾಡಿನ ಕೆಳಗಿನ ಒಲೆ ಬಿಟ್ಟು ಬರಲಿಲ್ಲ. ಗಗನ ತಟ್ಟೆಗೆ ಬಡಿಸಿಕೊಂಡು ಹೋದರೆ “ನಾನು ಬೇಯಿಸ್ಕೊಂಡಿದೀನಿ ಕಣವ್ವ” ಎನ್ನುತ್ತಿದ್ದಳು. ಮುನಿಸಿಲ್ಲ, ಬಿರುಸಿಲ್ಲ. ಹೊಲಕ್ಕೆ ಬರುತ್ತಿದ್ದಳು, ಸೊಪ್ಪು ಕೀಳುತ್ತಿದ್ದಳು, ಸಂಜೆ ತನ್ನ ಹಿಡಿ ಹಿಟ್ಟಿಗೆ ತಾನೇ ನೀರಿಡುತ್ತಿದ್ದಳು. ನಾಲ್ಕು ದಿನ ಹೋದರೆ ಸರಿಹೋಗುತ್ತದೆ ಎಂದುಕೊಂಡಳು ಗಗನ. ಇನ್ನೊಂದು ಮಾತೂ ಇತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ: ಒಳಗಿನ ಅಡುಗೆಮನೆ ಮದುವೆಯಾಗಿ ಹನ್ನೆರಡು ವರ್ಷಕ್ಕೆ ತನ್ನೊಬ್ಬಳದೇ ಆದದ್ದು ಅವಳಿಗೆ ಹಿತವಾಗಿತ್ತು.

ಅವಳ ಖಾತೆಗೆ ಮೊದಲ ದುಡ್ಡು ಬಿದ್ದಾಗ ಯಾರನ್ನೂ ಕೇಳದೆ ನಂಜನಗೂಡಿಗೆ ಹೋದಳು. ಮೂಸಂಬಿ, ದಾಳಿಂಬೆ, ಒಂದು ಮೆತ್ತನೆ ಹೊದಿಕೆ. ತಾಯಿ ಸೊಟ್ಟ ಬಾಯಲ್ಲೇ ನಕ್ಕಳು. ಮದುವೆಯಾದ ಮೇಲೆ ಅಷ್ಟು ಹಗುರಾಗಿ ಗಗನ ಎಂದೂ ಬಸ್ಸು ಹತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಮಾಡಿನ ಒಲೆ ತಣ್ಣಗಿತ್ತು. ಅತ್ತೆಯ ಟ್ರಂಕು ಇರಲಿಲ್ಲ.

ಮಾರನೇ ದಿನ ಚಾಮರಾಜಪುರಂನಿಂದ ಸುಮಿತ್ರಮ್ಮನ ಫೋನು ಬಂತು. ಹಿಂದೆ ತಲೆಹೊರೆಯಲ್ಲಿ ಸೊಪ್ಪು ಮಾರುವ ಕಾಲದಿಂದ ಪುಟ್ಟಲಿಂಗಮ್ಮನಿಗೆ ಪರಿಚಯದ ಮೇಡಂ ಅವರು, ರಿಟೈರಾದ ಟೀಚರು, ಒಂಟಿ. ‘ನಮ್ಮನೇಲಿ ಅಡುಗೆ ಮಾಡ್ಕೊಂಡು ಇರ್ತೀನಿ ಅಂತ ಬಂದಿದಾರೆ. ಹುಡುಕ್ತಾ ಇರ್ತೀರಿ ಅಂತ ಹೇಳ್ದೆ.’

ಸಿದ್ದೇಶ್ ಹೋಗಲು ಒಪ್ಪಲಿಲ್ಲ. “ಊರ್ ಮುಂದೆ ನನ್ ಮಾನ ಕಳ್ದ್‌ಬುಟ್ಲು. ಅವ್ಳಾಗೇ ಬರ್ಲಿ.” ಹತ್ತು ದಿನ ಕಾದರು.

ಈಗ ಗಗನ ಸುಮಿತ್ರಮ್ಮನ ಮನೆಯ ಗೇಟು ತೆಗೆದಾಗ ಪುಟ್ಟಲಿಂಗಮ್ಮ ಪಕ್ಕದ ಓಣಿಯಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು.

“ಬಾ ಮಗಾ. ಎಷ್ಟೊತ್ಗೆ ಹೊರಟೆ? ಮಗು ಸ್ಕೂಲ್ಗೆ ಹೋಯ್ತಾ?”

ಹಿಂಬದಿಯ ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ಚಾಪೆ, ಟ್ರಂಕು, ಗೋಡೆಗೊಂದು ಮೊಳೆ, ಅದಕ್ಕೆ ಕೈಚೀಲ. ತಟ್ಟೆಯಿಟ್ಟು ಮುದ್ದೆ, ಬಸ್ಸಾರು ಬಡಿಸಿದಳು. ಗಗನ ತುತ್ತು ಮುರಿದು ಮತ್ತೆ ತಟ್ಟೆಗೇ ಇಟ್ಟಳು.

“ನಡೀರಿ ಅತ್ತೆ ಮನೆಗೆ. ತಪ್ಪಾಯ್ತು.”

“ನಿಂಗೆ ದುಡ್ಡು ಬೇಕು ಅಂತ ಒಂದ್ ಮಾತು ಅಂದಿದ್ರೆ ನಂದೇ ಕೊಟ್‌ಬುಡ್ತಿರ್ಲಿಲ್ವಾ ನಾನು?”

“ಕೇಳಿ ಕೇಳಿ ಸಾಕಾಗಿತ್ತು ಅತ್ತೆ.” ಬೇಡವೆಂದರೂ ಮಾತು ಹೊರಗೆ ಬಂದುಬಿಟ್ಟಿತು. “ಅವರನ್ನ ಕೇಳ್ಬೇಕು, ನಿಮ್ಮನ್ನ ಕೇಳ್ಬೇಕು. ನಮ್ಮವ್ವಂಗೆ ಹಣ್ಣು ತಗೊಂಡೋಗಕ್ಕೂ ಕೇಳ್ಬೇಕು.”

ಪುಟ್ಟಲಿಂಗಮ್ಮ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

“ಅದು ನಂಗೊತ್ತು ಕಣವ್ವ. ನಲವತ್ತು ವರ್ಷ ನಾನೂ ಕೇಳ್ದೋಳೇ. ಕೈಗೆ ದುಡ್ಡು ಬಂದ್ಮೇಲೆ ನಾನೇ ನಿನ್ನ ಕೇಳೋ ಹಂಗೆ ಮಾಡಿದ್ನಲ್ಲ, ಅದು ತಿಳೀಲೇ ಇಲ್ಲ ನೋಡು.”

“ಹಂಗಲ್ಲ ಅತ್ತೆ...”

“ನಿನ್ ಮೇಲೆ ಬೇಜಾರಿಲ್ಲ. ನನ್ಮಗ ಅಕ್ಕಿಗೆ ಅಂದ. ಒತ್ದೆ. ಬೇರೆ ಮಾಡಿಸ್ತೀನಿ ಕಣವ್ವ ಅಂದಿದ್ರೂ ಒತ್ತಿರ್ತಿದ್ದೆ, ಅತ್ಗೊಂಡಾದ್ರೂ ಒತ್ತಿರ್ತಿದ್ದೆ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಕೊಟ್ಗೆ ಪಕ್ಕ ಒಬ್ಳೇ ಉಣ್ತಾ ಕೂತ್ರೆ ಒಳಗೆ ಮಗು ನಗೋದು ಕೇಳ್ಸದು. ಅದು ಆಗ್ಲಿಲ್ಲ ನಂಗೆ. ಇಲ್ಲಿ ಒಬ್ಳೇ ಅಂದ್ರೆ ಒಬ್ಳೇ, ಅಷ್ಟೇ. ಎರಡು ಸಾವ್ರ ಬತ್ತದೆ, ಅಮ್ಮಾವ್ರು ಅನ್ನ ಕೊಡ್ತಾರೆ. ಯಾರ್ ಬಾಗ್ಲಲ್ಲೂ ನಿಲ್ಬೇಕಾಗಿಲ್ಲ.”

“ತನು ದಿನಾ ಕೇಳ್ತಾಳೆ.”

ಆ ಮಾತಿಗೆ ಅವಳ ಕೈ ನಿಂತಿತು. ಬರುತ್ತಾಳೆ ಎಂದೇ ಗಗನಳಿಗೆ ಅನಿಸಿತು. ಆದರೆ ಪುಟ್ಟಲಿಂಗಮ್ಮ ಎದ್ದು ಟ್ರಂಕಿನಿಂದ ಎರಡು ಹೊಸ ರಿಬ್ಬನ್ನು ತೆಗೆದು ಕೊಟ್ಟು, “ಗೌರಿ ಹಬ್ಬಕ್ಕೆ ಬತ್ತೀನಿ ಅಂತ ಹೇಳು” ಅಂದಳು.

ಹೇಳಿದಂತೆ ಹಬ್ಬಕ್ಕೆ ಬಂದಳು. ಹೊಸ ಸೀರೆ ಕೊಟ್ಟು ಗಗನ ಕಾಲಿಗೆ ಬಿದ್ದಳು. ಪುಟ್ಟಲಿಂಗಮ್ಮ ತನ್ನದೇ ಮನೆಯ ನಡುಮನೆಯಲ್ಲಿ ಚಾಪೆಯ ತುದಿಯಲ್ಲಿ ಕೂತು, ಬಡಿಸಿದ್ದನ್ನು ಉಂಡು, ಅಡುಗೆಮನೆಯ ಹೊಸಲಿನಾಚೆ ಕಾಲಿಡದೆ, ನೀರು ಬೇಕಾದಾಗ “ಒಂದ್ ಲೋಟ ನೀರ್ ಕೊಡವ್ವ” ಎಂದು ಕೇಳಿದಳು. ಕೇಳುವಾಗ ದನಿ ಇಳಿಯಲಿಲ್ಲ, ನೆಂಟರ ದನಿಯಂತಿತ್ತು. ಅದನ್ನು ಕೇಳಿ ಗಗನ ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತಳು. ತನುಶ್ರೀ ಅಜ್ಜಿಯ ಸೆರಗು ಹಿಡಿದು “ಇವತ್ತೊಂದಿನ ಇಲ್ಲೇ ಮಲ್ಕೊ” ಎಂದು ಹಟ ಮಾಡಿದಳು. “ಅಮ್ಮಾವ್ರು ಒಬ್ರೇ ಅವ್ರೆ ಮಗಾ” ಎಂದು ಪುಟ್ಟಲಿಂಗಮ್ಮ ಸೆರಗು ಬಿಡಿಸಿಕೊಂಡಳು.

ಸಂಜೆ ಬಸ್ಸಿಗೆ ಹೊರಟಾಗ, ದಿನವಿಡೀ ಒಂದು ಮಾತೂ ಆಡದಿದ್ದ ಸಿದ್ದೇಶ್ ಅವ್ವನ ಚೀಲ ತಾನೇ ಎತ್ತಿಕೊಂಡ. ಸ್ಟಾಪಿನವರೆಗೂ ಅವನು ಮುಂದೆ, ಅತ್ತೆ ಸೊಸೆ ಹಿಂದೆ. ಬಸ್ಸು ಬಂತು. ಚೀಲವನ್ನು ಮೇಲೆ ಕೊಡುವಾಗ ಅವನು ಏನೋ ಹೇಳಲು ಬಾಯಿ ತೆಗೆದ. ಪುಟ್ಟಲಿಂಗಮ್ಮ ಕಿಟಕಿಯಿಂದ ಬಗ್ಗಿ ಕಾದಳು. ಕಂಡಕ್ಟರ್ ರೈಟ್ ಅಂದ.

ಬಸ್ಸು ತಿರುವು ದಾಟಿದ ಮೇಲೂ ಸಿದ್ದೇಶ್ ಅಲ್ಲೇ ನಿಂತಿದ್ದ. ಹೆಂಡತಿಯ ಮುಖ ನೋಡದೆ ಕೇಳಿದ: “ಮುಂದಿನ ಹಬ್ಬ ಯಾವತ್ತು?”

“ಪಿತೃಪಕ್ಷಕ್ಕೆ ಮಾವಂಗೆ ಎಡೆ ಇಡ್ಬೇಕಲ್ಲ,” ಅಂದಳು ಗಗನ. “ಬರ್ತಾರೆ.”

ಅವನು ತಲೆಯಾಡಿಸಿ ಮನೆಯ ಕಡೆ ಹೆಜ್ಜೆ ಹಾಕಿದ.